ಹನ್ನೆರಡನೇ ನಂಬರಿನ ಮನೆ

ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಯಾಕೆ? ಆಸ್ಪತ್ರೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷದಿಂದ ನಾವಿಬ್ಬರೂ ಜೋಡಿ. ಒಗೆದು ಒಣಗಿದ ಹಾಸಿಗೆ ಬಟ್ಟೆಯ ಆ ತುದಿ ಅವಳು ಹಿಡಿದರೆ ಈ ತುದಿ ನಾನು. ಎಳೆದು, ಕೊಡವಿ, ಎದುರುಬದುರು ನಡೆದು ಬಂದು ಮಡಚಬೇಕು. ದಿನಕ್ಕೆ ಮುನ್ನೂರು ಸಲ ಅವಳ ಮುಖ ನೋಡುವುದು ನನ್ನ ಹಣೆಬರಹ.

ಇಬ್ಬರ ಮನೆಯೂ ಊರಾಚೆ, ಬಸ್ಸಿನಲ್ಲಿ ಎರಡು ಗಂಟೆ ದೂರ. ಕರೆದ ತಕ್ಷಣ ಬರುವವರು ಬೇಕೆಂದು ಆಸ್ಪತ್ರೆಯವರು ಹತ್ತಿರದವರನ್ನೇ ಕಾಯಂ ಮಾಡುತ್ತಿದ್ದರು. ಹಾಗಾಗಿ ಕೆಲಸಕ್ಕೆ ಸೇರುವಾಗ ನಾನು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ ಚಿಕ್ಕಮ್ಮನ ವಿಳಾಸ ಬರೆಸಿದೆ. ಹನ್ನೆರಡನೇ ನಂಬರು. ಲಾಂಡ್ರಿಯಲ್ಲಿ ಎಲ್ಲರೂ ಮಾಡುವುದು ಹಾಗೇ. ಇವಳೊಬ್ಬಳು ಮಾತ್ರ ಇದ್ದದ್ದು ಇದ್ದಹಾಗೆ ಬರೆಸಿ ದಿನಗೂಲಿಯಲ್ಲೇ ಉಳಿದಳು. ಸತ್ಯಮ್ಮ ಎಂದು ಹೆಸರಿಟ್ಟು ನಕ್ಕವಳು ನಾನೇ.

ಆಮೇಲೆ ರಾಜ್ಯ ಸರ್ಕಾರ ಹೊಸ ಕಾಯ್ದೆ ತಂದಿತು. ಆಸ್ಪತ್ರೆ, ಕಾರ್ಖಾನೆಗಳ ಸುತ್ತಮುತ್ತ ಒಂದಂತಸ್ತಿನ ಮನೆ ಕೆಡವಿ ನಾಲ್ಕಂತಸ್ತು ಕಟ್ಟುವುದಾದರೆ ನಗರಸಭೆ ಅಡ್ಡಗಾಲು ಹಾಕುವಂತಿಲ್ಲ. ಕಟ್ಟಿದ್ದರಲ್ಲಿ ಒಂದು ಪಾಲು, ದೂರದಿಂದ ಬಂದು ದುಡಿಯುವವರಿಗೆ ಕಡಿಮೆ ಬಾಡಿಗೆಗೆ. ಚಿಕ್ಕಮ್ಮ ಇದ್ದ ಮನೆಯನ್ನೇ ಮಾಲೀಕರು ಮೊದಲು ಕೆಡವಿದರು. ಚಿಕ್ಕಮ್ಮ ಮಗಳ ಮನೆಗೆ ಹೋದಳು. ನಾನು ಮಾತ್ರ ಕಾಗದದ ಮೇಲೆ ಎರಡು ವರ್ಷ ಇಟ್ಟಿಗೆ ರಾಶಿಯಲ್ಲೇ ಸಂಸಾರ ಮಾಡಿದೆ.

ಇಬ್ಬರೂ ಅರ್ಜಿ ಹಾಕಿದೆವು. ಅವಳಿಗೆ ಮನೆ ಸಿಕ್ಕಿತು. ನನ್ನ ಅರ್ಜಿ, 'ಕೆಲಸದ ಸ್ಥಳದ ಸಮೀಪವೇ ವಾಸ' ಎಂಬ ಷರಾದೊಂದಿಗೆ ವಾಪಸ್ಸು ಬಂತು. ನಿಜ ಹೇಳಿದರೆ ಕೆಲಸಕ್ಕೇ ಕುತ್ತು. ಬಾಯಿಗೆ ಬೀಗ ಹಾಕಿಕೊಂಡೆ.

ಅವಳು ಮನೆ ತೋರಿಸಲು ಕರೆದುಕೊಂಡು ಹೋದಳು. ಮೂರನೇ ಮಹಡಿ, ಎರಡು ಕೋಣೆ, ಅಡುಗೆಮನೆಯ ಕಿಟಕಿಯಿಂದ ನಮ್ಮ ಲಾಂಡ್ರಿಯ ಬಾಗಿಲು ಕಾಣುತ್ತದೆ. ಗೇಟಿನ ಮೇಲೆ ಹನ್ನೆರಡು. ನನ್ನ ವಿಳಾಸ! ಕಾಫಿ ಕೊಟ್ಟಳು, ಲೋಟ ತೊಳೆಯುವ ನೆಪದಲ್ಲಿ ಎದ್ದೆ. ನಲ್ಲಿ ತಿರುಗಿಸಿ ನೋಡಿದೆ. ಸೋರಲಿ ಎಂಬ ಆಸೆಯಿತ್ತು, ಸೋರಲಿಲ್ಲ. ಬಸ್ಸಿನಲ್ಲಿ ನಿಂತೇ ಮನೆ ತಲುಪಿದೆ.

ಹೋದ ವಾರ ಅವಳು ತನ್ನ ಹೊಸ ವಿಳಾಸ ಬರೆಸಿದಳು. ಮರುದಿನವೇ ಮೇಲ್ವಿಚಾರಕರು ವಿಳಾಸದ ಪುಸ್ತಕ ಹಿಡಿದು ನಾವು ಮಡಚುವಲ್ಲಿಗೇ ಬಂದರು.

"ನೀವಿಬ್ರೂ ಒಂದೇ ಮನೇಲಿದ್ದೀರಾ?" ಎಂದು ಅವಳನ್ನೇ ಕೇಳಿದರು. ಅವಳು ಸುಳ್ಳು ಹೇಳುವುದಿಲ್ಲವೆಂದು ಅವರಿಗೂ ಗೊತ್ತು.

ನಾನು ಬಟ್ಟೆ ಎಳೆಯುವುದನ್ನು ನಿಲ್ಲಿಸಿದೆ. ಈ ತುದಿ ಸಡಿಲಾದದ್ದು ಆ ತುದಿಗೆ ತಿಳಿಯದೆ ಇರುತ್ತದೆಯೇ?

"ಹೌದು ಸಾರ್, ಅಕ್ಕ ನನ್ ಜೊತೇನೇ ಇರೋದು," ಎಂದಳು.

ಅವರು ತಲೆಯಾಡಿಸಿ ಹೋದರು. ಅವಳು ನಡೆದು ಬಂದು ತನ್ನ ತುದಿಯನ್ನು ನನ್ನ ಕೈಗಿಟ್ಟು, ಮೆಲ್ಲಗೆ, "ಬಸ್ ತಪ್ಪಿದ್ ದಿನ ಬಂದ್ ಮಲ್ಕೊ ಅಕ್ಕ. ಪೂರ್ತಿ ಸುಳ್ಳಾಗೋದು ಬೇಡ," ಎಂದಳು.

ಕೆಲಸ ಉಳಿಯಿತು. ಕಾಲು ಹಿಡಿಯಬೇಕು ಅನ್ನಿಸಿತು, ಹಿಡಿಯಲಿಲ್ಲ. ಮನೆ ಸಿಕ್ಕಿದ್ದಕ್ಕಿಂತ ಹೆಚ್ಚಾಗಿ, ಹಾಗೆ ಹೇಳಲು ಅವಳಿಗೆ ಬಂತಲ್ಲ ಎಂದು ಹೊಟ್ಟೆ ಉರಿಯಿತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಹೇಳುತ್ತಿರಲಿಲ್ಲ.