ಪಾದ ಒಪ್ಪಿದ ಹಲಗೆ

ಬೆಳಗಿನ ಐದೂವರೆ. ಕ್ಯಾಂಜಿ ಹೊಳೆದಂಡೆಯ ಮರದ ಮಿಲ್ಲಿನಲ್ಲಿ ಅಲ್ರಿಕ್ ಅಡೋನಿಸ್ ಬೂಟು ಕಳಚಿಟ್ಟು ಹಲಗೆಗಳ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಹಿಮ್ಮಡಿಯಿಂದ ಒಂದು ಗುದ್ದು, ಕಿವಿಗೊಟ್ಟು ಒಂದು ಕ್ಷಣ ನಿಲ್ಲುವುದು, ಮೆಚ್ಚಿದರೆ ಸೀಮೆಸುಣ್ಣದ ಗೀಟು. ನೂರರಲ್ಲಿ ಅರವತ್ತು ಪಾಸಾದರೆ ಅವತ್ತು ಅದೃಷ್ಟ.

"ಬೂಟು ಬಿಚ್ಚಿದ್ರಾ? ಮಧ್ಯಾಹ್ನ ಆಯ್ತು ಬಿಡಿ ಇನ್ನು," ಲಾರಿ ಚಾಲಕ ಗೊಣಗುತ್ತಾನೆ.

"ಮನೇಲಿ ಬೂಟು ಹಾಕ್ಕೊಂಡೇ ಓಡಾಡ್ತೀಯೇನೋ? ಇಲ್ಲ ತಾನೆ? ಸುಮ್ನಿರು."

ಅರವತ್ತಮೂರರ ಅಲ್ರಿಕ್ ಗಯಾನಾದ ಬರ್ಬೀಸ್ ಸೀಮೆಯ ಮನೆಗಳಿಗೆ ಮರದ ನೆಲ ಆರಿಸಿ ಹಾಸತೊಡಗಿ ನಲವತ್ತೊಂದು ವರ್ಷ. ಮರದ ಪುಡಿಯಿಂದ ಕೆಮ್ಮು ಕಾಯಂ, ಎಡ ಮಂಡಿ ಪೂರ್ತಿ ಮಡಚುವುದಿಲ್ಲ. ಕ್ರಿಸ್‌ಮಸ್‌ಗೆ ಮನೆಮನೆಯಲ್ಲೂ ನೆಲಕ್ಕೆ ವಾರ್ನಿಶ್ ಬಳಿದು ಹೊಳಪನ್ನು ಹೊಗಳುವವರೇ ಎಲ್ಲರೂ. ಹಾಸಿದವನ ಹೆಸರು ಯಾರಿಗೆ ಬೇಕು!

ಎರಡು ತಿಂಗಳ ಹಿಂದೆ ಟೀಚರ್ ಚಂದ್ರೌತಿ ತಮ್ಮ ಹೊಸ ಮನೆಗೆಂದು ಇದೇ ಮಿಲ್ಲಿಗೆ ಬಂದಿದ್ದರು. ಅವರಿಗೆ ಬೇಕಿದ್ದುದು ನೇರಳೆ ಬಣ್ಣದ ಪರ್ಪಲ್‌ಹಾರ್ಟ್ ಮರ, ಕನ್ನಡಿಯಂಥ ನುಣುಪು. ಜೊತೆಗಿದ್ದ ತಾಯಿ, ಊರಿಗೆಲ್ಲ ‘ನಾನಿ’ ಅಂದರೆ ಅಜ್ಜಿಯಾದ ಸುಮಿಂತ್ರಾ ನಾನಿಗೆ ಎರಡು ವರ್ಷದಿಂದ ಕಣ್ಣು ಕಾಣದು. ಹಳೆ ಮನೆಯ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮಗಳ ಕೈ ಹಿಡಿಯದೆ ಒಂದು ಹೆಜ್ಜೆಯೂ ಇಟ್ಟಿಲ್ಲ. ಅಲ್ರಿಕ್ ಮೂರು ಜಾತಿಯ ಹಲಗೆ ಹಾಸಿ ನಾನಿಯ ಚಪ್ಪಲಿ ಬಿಚ್ಚಿಸಿದರು.

"ಇದು ಜಾರತ್ತಪ್ಪಾ," ಎಂದಿತು ಅಜ್ಜಿ, ನೇರಳೆ ಹಲಗೆಯ ಮೇಲೆ. ಮೂರನೆಯದು ತಟಬು, ಮಂಕು ಹಳದಿಯ ಗಟ್ಟಿ ಮರ. "ಹಾಂ, ಇಲ್ಲಿ ಕಾಲು ನಿಲ್ಲತ್ತೆ."

"ಅಯ್ಯೋ ಮಾ, ಈ ಬಣ್ಣಾನಾ? ಬಂದವರು ಏನಂದ್ಕೋತಾರೆ?"

"ಬಂದೋರು ಸಂಜೆ ಹೊರಟು ಹೋಗ್ತಾರೆ ಟೀಚರ್," ಎಂದರು ಅಲ್ರಿಕ್. "ನಾನಿ ಅಲ್ಲೇ ಇರ್ತಾರೆ."

ತಟಬು ಹಲಗೆಗಳು ಮೂರು ವಾರ ಆ ಮನೆಯ ಗಾಳಿ ಕುಡಿದವು. ಅವಸರ ಮಾಡಿದರೆ ಮಳೆಗಾಲದಲ್ಲಿ ಉಬ್ಬುತ್ತವೆ. ಆಮೇಲೆ ಅಲ್ರಿಕ್ ಅವನ್ನು ನಾನಿಯ ಮಂಚದಿಂದ ಅಡುಗೆಮನೆಯವರೆಗೆ ಉದ್ದುದ್ದಕ್ಕೆ ಹಾಸಿದರು. ಸಂದುಗಳು ಕಾಲಿಗೆ ತಾಗಿ ದಾರಿ ತೋರುವಷ್ಟು ಉಳಿಸಿ, ಉಜ್ಜುವ ಯಂತ್ರ ನಿಲ್ಲಿಸಿಬಿಟ್ಟರು. ಮೆಟ್ಟಿಲ ತಲೆಯಲ್ಲಿ ಮಾತ್ರ ನಾಲ್ಕು ನೇರಳೆ ಹಲಗೆ, ಜಾರದಂತೆ ಒರಟಾಗಿಯೇ ಬಿಟ್ಟು, ಅಡ್ಡಡ್ಡಕ್ಕೆ. ಮಗಳ ಆಸೆಯೂ ತೀರಿತು.

ಗೃಹಪ್ರವೇಶಕ್ಕೂ ಮುಂಚೆ ನಾನಿಯನ್ನು ನಡೆಸಿ ನೋಡಿದರು. ಹೆಜ್ಜೆ, ಇನ್ನೊಂದು ಹೆಜ್ಜೆ. ಮೆಟ್ಟಿಲ ಹತ್ತಿರ ಬಂದದ್ದೇ ಪಾದ ತಟ್ಟನೆ ನಿಂತಿತು.

"ಅಡ್ಡ ಬಂತು. ಮೆಟ್ಟಿಲು ತಾನೆ?" ಅಜ್ಜಿ ಹಿಂದಕ್ಕೆ ತಿರುಗಿತು. "ಚಂದ್ರಾ, ಕೈ ಬಿಡೇ. ಟೀ ನಾನೇ ಇಡ್ತೀನಿ."

ಆ ದಿನದ ಬಗ್ಗೆ ಕೇಳಿದರೆ ಅಲ್ರಿಕ್ ಬೂಟಿನ ದಾರ ಕಟ್ಟುತ್ತಾ ನಗುತ್ತಾರೆ. "ಸಕ್ಕರೆ ಮೂರು ಪಟ್ಟು ಹಾಕಿಬಿಟ್ಟಿದ್ರು ನಾನಿ. ಡಾಕ್ಟ್ರು ನಂಗೆ ಸಕ್ಕರೆ ಮುಟ್ಟಬೇಡ ಅಂದಿದಾರೆ. ಒಂದು ತೊಟ್ಟೂ ಬಿಡದೆ ಕುಡಿದೆ. ಯಾರ ಕೈಯೂ ಹಿಡೀದೆ ನಡೆದು ಬಂದು ಕೊಟ್ಟ ಟೀ ಅಲ್ವಾ ಅದು!"