ಏಳನೇ ನಂಬರಿನ ಡೋಸು

ಕಂಪ್ಯೂಟರ್ ಸರಿಯನ್ನು ಹೇಳುವಷ್ಟೇ ಧೈರ್ಯದಿಂದ ತಪ್ಪನ್ನೂ ಹೇಳುತ್ತದೆ. ಇದು ನಿಮಗೆ ಗೊತ್ತಿರಬೇಕು. ನಮ್ಮ ಮ್ಯಾನೇಜರಿಗೆ ಗೊತ್ತಿರಲಿಲ್ಲ, ದೊಡ್ಡಕ್ಕನಿಗೆ ಗೊತ್ತಿತ್ತು.

ಮೂರನೇ ಮಹಡಿಯ ಆ ಕೋಣೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗೊರಗೊರ ಎನ್ನುವ ಮೆಷೀನು, ಆರದಿರಲಿ ಎಂದು ಅದರ ನೆತ್ತಿಯ ಮೇಲಿಟ್ಟ ಚಹಾದ ಲೋಟ, ಸೀಮೆಸುಣ್ಣ ಮೆತ್ತಿದ ದೊಡ್ಡಕ್ಕನ ಮೊಣಕೈ. ಆಸ್ಪತ್ರೆಗಳಿಗೆ ನಾವು ಮಾಡುತ್ತಿದ್ದ ಸಾಫ್ಟ್‌ವೇರಿಗೆ ನಮ್ಮದೇ ಕಂಪೈಲರ್ ಇತ್ತು, ಅಂದರೆ ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಮ್. ಅದು ದೊಡ್ಡಕ್ಕನ ಸುಪರ್ದಿಯಲ್ಲಿತ್ತು. ಎಲ್ಲರಿಗೂ ಅಕ್ಕ, ಯಾರ ಮುಲಾಜೂ ಇಲ್ಲ.

ಆ ಕಂಪೈಲರ್ ಪ್ರತಿ ಫೈಲಿನಲ್ಲಿರುವ ಲೆಕ್ಕದ ಸೂತ್ರಗಳಿಗೆ ಮೇಲಿನಿಂದ ಒಂದು, ಎರಡು ಎಂದು ನಂಬರು ಕೊಡುತ್ತಿತ್ತು. ಬೇರೆ ಫೈಲುಗಳು ಆ ನಂಬರು ಹಿಡಿದೇ ಅವನ್ನು ಕರೆಯುತ್ತಿದ್ದವು. ಒಮ್ಮೆ ಯಾರೋ ಔಷಧದ ಫೈಲಿನ ತಲೆಯಲ್ಲಿ ಹೊಸ ಸೂತ್ರ ಸೇರಿಸಿ, ಅದೊಂದನ್ನೇ ಮತ್ತೆ ಕಂಪೈಲ್ ಮಾಡಿದರು. ಏಳರಲ್ಲಿದ್ದ ಮಕ್ಕಳ ಡೋಸಿನ ಸೂತ್ರ ಎಂಟಕ್ಕೆ ಸರಿಯಿತು, ಆರರಲ್ಲಿದ್ದ ದೊಡ್ಡವರ ಡೋಸು ಏಳಕ್ಕೆ ಬಂದು ಕೂತಿತು. ವಾರ್ಡಿನ ಹಳೆಯ ಫೈಲು ಏಳನ್ನೇ ಕೇಳಿತು. ಅದನ್ನು ಪರೀಕ್ಷಿಸುತ್ತಿದ್ದ ದೊಡ್ಡಕ್ಕನ ಪರದೆಯಲ್ಲಿ ಹನ್ನೆರಡು ಕೆಜಿ ಮಗುವಿಗೆ ದೊಡ್ಡವರ ಡೋಸು. ಎಲ್ಲೂ ಎರರ್ ಇಲ್ಲ.

ಮರುದಿನವೇ ಅದನ್ನು ಆಸ್ಪತ್ರೆಗಳಿಗೆ ಕಳಿಸಬೇಕಿತ್ತು. ಎಲ್ಲವನ್ನೂ ಒಟ್ಟಿಗೆ ಕಂಪೈಲ್ ಮಾಡಿ ಕಳಿಸಿದರಾಯಿತು ಎಂದ ಮ್ಯಾನೇಜರ್. ಹಳೆಯ ನಂಬರನ್ನೇ ಕೇಳುವ, ಆಸ್ಪತ್ರೆಯವರೇ ಬರೆದುಕೊಂಡ ಫೈಲುಗಳು ನಮ್ಮ ಕೈಯಲ್ಲಿಲ್ಲವಲ್ಲ ಎಂದು ದೊಡ್ಡಕ್ಕ ಹದಿನೈದು ದಿನದ ಸಮಯ ಕೇಳಿದರು.

"ಒಂದು ನಂಬರಿಗೆ ಹದಿನೈದು ದಿನವಾ ಅಕ್ಕಾ? ಮದುವೆ ಮಾಡೋಕೂ ಅಷ್ಟು ಬೇಡ."

"ಬೀದೀಲಿ ಏಳನೇ ಮನೆ ಅಂತ ವಿಳಾಸ ಕೊಟ್ಟೆ. ನಡುವೆ ಇನ್ನೊಂದು ಮನೆ ಎದ್ರೆ ಕಾಗದ ಯಾರಿಗೆ ಹೋಗುತ್ತಪ್ಪಾ? ನಿನ್ನ ಮಗೂಗೆ ಈ ಡೋಸು ಕೊಡಿಸ್ತೀಯಾ? ಹೂಂ ಅನ್ನು, ಈಗಲೇ ಕಳಿಸ್ತೀನಿ."

ಅವನು ಕಳಿಸುವ ದಿನವನ್ನು ಹದಿನೈದು ದಿನ ಮುಂದೆ ಹಾಕಿದ.

ದೊಡ್ಡಕ್ಕ ಸಾಲಿನ ನಂಬರನ್ನೇ ಕಿತ್ತುಹಾಕಿದರು. ಫೈಲುಗಳ ಯಾವ ಕಟ್ಟು, ಅದರಲ್ಲಿ ಯಾವ ಭಾಗ, ಆ ಭಾಗದಲ್ಲಿ ಯಾವ ಹೆಸರು ಎಂಬ ಪೂರ್ತಿ ವಿಳಾಸವನ್ನು ಒಂದು ಲೆಕ್ಕದಲ್ಲಿ ಅರೆದು ಪ್ರತಿ ಸೂತ್ರಕ್ಕೂ ಒಂದು ಉದ್ದನೆಯ ಗುರುತು ಕೊಟ್ಟರು. ಅಕ್ಕಪಕ್ಕ ಏನೇ ಸೇರಲಿ, ಗುರುತು ಕದಲದು. ಅಪ್ಪಿತಪ್ಪಿ ಎರಡಕ್ಕೆ ಒಂದೇ ಗುರುತು ಬಿದ್ದರೆ ಕಂಪೈಲರ್ ಊಹೆ ಮಾಡದೆ ನಿಂತುಬಿಡುತ್ತಿತ್ತು. ಹಳೆಯ ನಂಬರು ಹಿಡಿದು ಬಂದ ಫೈಲು ಓಡುತ್ತಲೇ ಇರಲಿಲ್ಲ.

ಆ ವರ್ಷ ದೊಡ್ಡಕ್ಕನ ಕೆಲಸದ ಬಗೆಗಿನ ವರದಿಯಲ್ಲಿ ಮ್ಯಾನೇಜರ್ ಬರೆದದ್ದು ಎರಡೇ ಪದ: ಕೆಲಸ ನಿಧಾನ. ಅಷ್ಟಕ್ಕೇ ಅವರನ್ನು ಕಂಪೈಲರಿನಿಂದ ತೆಗೆದು ಕೈಪಿಡಿ ತಿದ್ದಲು ಕೂರಿಸಿದರು. ಕೋಣೆಯಲ್ಲಿ ಹನ್ನೊಂದು ಜನ ಇದ್ದೆವು. ನಾನೂ ಸೇರಿ ಒಬ್ಬರೂ ಬಾಯಿ ಬಿಡಲಿಲ್ಲ.

ನಿಮ್ಮ ಆಫೀಸಿನಲ್ಲೂ ಯಾರದೋ ವರದಿಯಲ್ಲಿ ಆ ಎರಡು ಪದಗಳಿವೆ. ನಾಳೆ ಹೋಗಿ, ತಡ ಏಕಾಯಿತು ಎಂದು ಅವರನ್ನೇ ಕೇಳಿ. ಉತ್ತರ ಕೇಳಿದ ಮೇಲೆ ಸುಮ್ಮನೆ ಕೂರಬೇಡಿ.