ಆ ಆಸನದಲ್ಲಿ ಕೂತಿದ್ದವನು

ಕಾಪುವಿನ ಮೀನುಗಾರರ ಬಲೆಗಳು ವರ್ಷಗಟ್ಟಲೆ ಸಿಕ್ಕಿ ಹರಿಯುತ್ತಿದ್ದ ಜಾಗದಲ್ಲಿ ವಿಮಾನವೊಂದು ಮುಳುಗಿದೆ ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಎರಡನೇ ಮಹಾಯುದ್ಧದ ಕಾಲದ, ಒಬ್ಬನೇ ಪೈಲಟ್ ಕೂರುವ ಸಣ್ಣ ವಿಮಾನ. ಮಣಿಪಾಲದಲ್ಲಿ ಲೋಹಗಳ ಪಾಠ ಮಾಡುವ ನಾನು ಉಪ್ಪುನೀರು ಲೋಹವನ್ನು ತಿನ್ನುವುದನ್ನು ಅಲ್ಲಿಯವರೆಗೆ ನೋಡಿದ್ದೆಲ್ಲ ಲ್ಯಾಬಿನ ಗಾಜಿನ ಪಾತ್ರೆಗಳಲ್ಲಿ. ಸರಕಾರದ ಅನುಮತಿ ಬಂದು, ಅದನ್ನು ಎತ್ತಿ ಮ್ಯೂಸಿಯಂನಲ್ಲಿ ಉಳಿಸುವ ಕೆಲಸ ಶುರುವಾದಾಗ ನನ್ನನ್ನೂ ಕರೆದರು.

ಬೋಟು ಕೊಟ್ಟವರು ಕಾಪುವಿನ ಒಬ್ಬ ಹಿರಿಯ ಮೀನುಗಾರರು. ಅವರ ತಮ್ಮ ಇದೇ ಕಡಲಿನಲ್ಲಿ ಹೋದವನು. ಮಗುಚಿದ ದೋಣಿ ದಡಕ್ಕೆ ಬಂತು, ಅವನು ಬರಲಿಲ್ಲ. ಕಡಲಿನಲ್ಲಿ ಹೆಣ ಸಿಕ್ಕಿದರೆ, ಅದು ಯಾರದೇ ಆಗಲಿ, ದಡಕ್ಕೆ ತರಲೇಬೇಕೆನ್ನುವುದು ಅವರ ಕ್ರಮ. ಅದಕ್ಕೇ ಒಂದು ಷರತ್ತು ಹಾಕಿದರು.

“ಒಳಗೆ ಮನುಷ್ಯ ಉಂಟಾ ಇಲ್ಲವಾ, ಅದು ಮೊದಲು ಗೊತ್ತಾಗಬೇಕು ಟೀಚರೇ. ಇದ್ದರೆ ಅವನ ಕ್ರಿಯೆ ಆಗಲಿ. ಮತ್ತೆ ನಿಮ್ಮ ಮ್ಯೂಸಿಯಂ.”

ಅಲ್ಲಿಯವರೆಗೆ ರೆಕ್ಕೆ, ಇಂಜಿನು ಯಾವುದನ್ನೂ ಎತ್ತುವ ಹಾಗಿರಲಿಲ್ಲ. ಮುಳುಗು ತಜ್ಞರು ಪೈಲಟ್ ಕೂರುವ ಜಾಗದ ಹೂಳನ್ನೆಲ್ಲ ಜಾಲಾಡಿದರು. ಮೂಳೆ ಸಿಗಲಿಲ್ಲ. ಆದರೆ ಇಷ್ಟು ವರ್ಷ ಕಡಲು ಮೂಳೆಯನ್ನು ಉಳಿಸಿರಬೇಕೆಂದೇನೂ ಇಲ್ಲ ಎಂದು ಮೀನುಗಾರರಿಗೂ ಗೊತ್ತು, ನನಗೂ ಗೊತ್ತು. ಕೊನೆಗೆ ಆಸನವನ್ನೇ ಬಿಡಿಸಿ, ಗಾಳಿ ತುಂಬಿದ ಚೀಲಗಳಿಗೆ ಕಟ್ಟಿ ಮೇಲಕ್ಕೆ ಬಿಟ್ಟರು. ನೀರು ಗುಳುಗುಳು ಎಂದು ಉಬ್ಬಿತು, ಮೈತುಂಬ ಚಿಪ್ಪು ಹೊತ್ತ ಕುರ್ಚಿಯೊಂದು ಬಿಸಿಲಿಗೆ ಬಂತು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ಆಕಾಶದಲ್ಲಿ ಹಾರಿದ್ದ ಕುರ್ಚಿ ಅದು.

ಕಡಲಿನಿಂದ ಬಂದ ಅಲ್ಯೂಮಿನಿಯಂ ಒಣಗಿದರೆ ಒಳಗಿನ ಉಪ್ಪು ಅದನ್ನು ಪುಡಿ ಮಾಡುತ್ತದೆ. ಹಾಗಾಗಿ ಆಸನವನ್ನು ಐಸ್ ಪ್ಲಾಂಟಿನ ತೊಟ್ಟಿಯಲ್ಲಿ ಸಿಹಿನೀರಿಗೆ ಇಳಿಸಿದೆವು. ಅದರ ನಡುವೆ ಕಲ್ಲಿನಂತೆ ಗಟ್ಟಿಯಾದ ಒಂದು ಉಂಡೆಯಿತ್ತು. ಪೈಲಟ್‌ನನ್ನು ಆಸನಕ್ಕೆ ಬಿಗಿಯುವ ನಾಲ್ಕು ಪಟ್ಟಿಗಳ ತುದಿಯ ಹಿತ್ತಾಳೆ ಬಳೆಗಳು ಅದರೊಳಗಿರಬೇಕು. ಕಟ್ಟಿಕೊಳ್ಳುವಾಗ ಆ ನಾಲ್ಕನ್ನೂ ನಡುವಿನ ಒಂದು ಗೂಟಕ್ಕೆ ಸಿಕ್ಕಿಸುತ್ತಾರೆ. ನಾಲ್ಕೂ ಅದರಲ್ಲೇ ಇದ್ದರೆ ಅವನು ಕಟ್ಟಿಕೊಂಡೇ ಮುಳುಗಿದ. ಚದುರಿದ್ದರೆ, ಬಿಚ್ಚಿಕೊಂಡು ಹೊರಬಿದ್ದ.

ಉಂಡೆಯನ್ನು ಮರದ ಕಡ್ಡಿಯಿಂದ ಕೆದಕುತ್ತ ಕೂತೆ. ಮೀನುಗಾರರ ಹೆಂಡತಿ ಹುಣಸೆಹುಳಿ ತಂದು, ಹಿತ್ತಾಳೆ ತಾನೇ, ದೇವರ ದೀಪದ ಹಾಗೆ ಇದರಲ್ಲಿ ತಿಕ್ಕಿದರೆ ಫಳಫಳ ಆಗುತ್ತದೆ ಎಂದರು. ಹುಳಿ ಲೋಹವನ್ನು ತಿನ್ನುತ್ತದೆ, ಅದು ಸಾರಿಗೆ ಇರಲಿ ಎಂದು ರೇಗಿದೆ. ನನ್ನ ಬಾಯಿ ಮೊದಲಿನಿಂದಲೂ ಹೀಗೆಯೇ. ಅವರು ನಕ್ಕು ಚಹಾ ತಂದರು.

ಒಂದು ಮಧ್ಯಾಹ್ನ ಚಿಪ್ಪಿನ ಪದರ ಕಳಚಿತು. ಗೂಟ ಬರಿದಾಗಿತ್ತು. ನಾಲ್ಕು ಬಳೆಗಳೂ ಅತ್ತಿತ್ತ ಬಿದ್ದಿದ್ದವು. ಸಾವು ಎದುರಿಗಿದ್ದಾಗ ಒಬ್ಬ ಮನುಷ್ಯನ ಬೆರಳು ಮಾಡಿದ ಕೆಲಸವನ್ನು ಕಡಲು ಇಷ್ಟು ವರ್ಷ ಹಾಗೇ ಹಿಡಿದಿಟ್ಟಿತ್ತು.

“ಬಿಚ್ಚಿದ್ದಾನೆ” ಎಂದೆ.

ಮೀನುಗಾರರು ಬಗ್ಗಿ ಬಹಳ ಹೊತ್ತು ನೋಡಿದರು. ನಾಳೆ ರೆಕ್ಕೆ ಎತ್ತುವ ಎಂದು ಹೇಳಿ ಹೊರಟವರು ಬಾಗಿಲಲ್ಲಿ ನಿಂತರು.

“ಅಲ್ಲಿಂದ ದಡ ಕಾಣುತ್ತದೆ ಟೀಚರೇ. ಈಜಿರಬಹುದು, ಅಲ್ವಾ?”

ಅವರ ಕಣ್ಣು ತುಂಬಿತ್ತು. ತಮ್ಮನ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಾಕ್ಷಿಯಿಲ್ಲದೆ ಒಂದಕ್ಷರ ಬರೆಯಬಾರದೆಂದು ವಿದ್ಯಾರ್ಥಿಗಳ ಕಿವಿ ಹಿಂಡುವವಳು ನಾನು.

“ಈಜಿರಬಹುದು ಅಣ್ಣ” ಎಂದೆ.